ಹುಣಸೆ ಎಲೆಯ ಸೆರಗು ಮತ್ತು ಎಣಿಕೆ ಬಾರದ ಕಂಪ್ಯೂಟರ್

ಮೊನ್ನೆ ಗುಜರಿಯವನು ತಕ್ಕಡಿ ತಂದು ಬಾಗಿಲಲ್ಲಿ ನಿಂತಾಗ ಪಕ್ಕದ ಮನೆಯ ಹಳೇ ಕಂಪ್ಯೂಟರಿನ ಹೊಟ್ಟೆ ಬಿಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಮುಚ್ಚಳ ತೆಗೆದದ್ದೇ ತಡ, ರಟ್ಟಿನ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಒಣ ರಟ್ಟು, ಮಿಷನ್ ಎಣ್ಣೆ, ಜೊತೆಗೆ ಒಂದಿಷ್ಟು ಸುಟ್ಟ ಧೂಳು... ಎಷ್ಟೋ ವರ್ಷದಿಂದ ಆ ವಾಸನೆ ಮೂಗಿಗೆ ಬಿದ್ದಿರಲಿಲ್ಲ. ಡಿಸ್ಕನ್ನು ಎಳೆದು ಹೊರಗೆ ತೆಗೆದೆ. ಅದರ ಹಿಂಭಾಗದ ಪಿನ್ನುಗಳ ಮೇಲೆ ಕರಿ ಪ್ಲಾಸ್ಟಿಕ್ಕಿನ ಒಂದು ತುಣುಕು ಕೂತಿತ್ತು. ಅಕ್ಕಿ ಕಾಳಿಗಿಂತ ಸ್ವಲ್ಪ ದಪ್ಪ. ಅದಕ್ಕೆ ಜಂಪರ್ ಅನ್ನುತ್ತಾರೆ. ಉಗುರಿನಿಂದ ಕಿತ್ತು ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಾ ನಿಂತುಬಿಟ್ಟೆ.

"ಅದೇನ್ ಸಾಮಿ, ಚಿನ್ನಾನಾ?" ಅಂದ ಗುಜರಿಯವನು.

ಅವನಿಗೆ ಏನಂತ ಹೇಳುವುದು? ಅದು ಅವನ ತಕ್ಕಡಿಗೆ ಹತ್ತುವಂಥ ಕಥೆಯಲ್ಲ. ಜಂಪರನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಡಿಸ್ಕನ್ನು ಕಂಕುಳಲ್ಲಿ ಇಟ್ಟುಕೊಂಡು, ಮಿಕ್ಕಿದ್ದನ್ನು ತೂಗು ಅಂದೆ.

ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಬೀದಿ. ಬೆಳಗಿನಿಂದ ಸಂಜೆಯವರೆಗೆ ಪವರ್‌ಲೂಮಿನ ಸದ್ದು. ಹೊಸಬರು ಬಂದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ನಮಗೆ ಸದ್ದು ನಿಂತರೆ ಗಾಬರಿ. ನನ್ನ ಮನೆಯ ಗೋಡೆಗೆ ಗೋಡೆ ತಾಗಿಕೊಂಡಂತೆ ಇದ್ದದ್ದು ಆಪಾ ಅವರ ಮನೆ. ಆಪಾ ಅಂದರೆ ಅಕ್ಕ, ನನಗೆ ಅಕ್ಕನ ವಯಸ್ಸಿನವರೇ. ಆದರೆ ತಲೆ ನರೆತ ಮಗ್ಗದ ಯಜಮಾನರೂ ಅವರನ್ನು ಆಪಾ ಅಂತಲೇ ಕರೆಯುತ್ತಿದ್ದರು. ಅವರದು ಕಾರ್ಡ್ ಹೊಡೆಯುವ ಕೆಲಸ.

ನಮ್ಮ ಸೀರೆಯ ಹೂವು, ಹಂಸ, ಮಾವಿನಕಾಯಿ ಎಲ್ಲವೂ ಮೊದಲು ರಟ್ಟಿನ ಮೇಲೆ ತೂತಾಗಿ ಹುಟ್ಟುತ್ತವೆ. ಉದ್ದುದ್ದ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆದು, ದಾರದಲ್ಲಿ ಹೊಲಿದು ಸರ ಮಾಡಿ, ಮಗ್ಗದ ನೆತ್ತಿಯ ಮೇಲೆ ತೂಗುಹಾಕುತ್ತಾರೆ. ತೂತಿದ್ದ ಕಡೆ ನೂಲು ಏಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಸರದ ಕೊನೆಯ ಕಾರ್ಡ್ ಮುಗಿದರೆ ಮತ್ತೆ ಮೊದಲನೆಯ ಕಾರ್ಡ್ ಬರುತ್ತದೆ, ಹೂವಿನ ಹಿಂದೆ ಅದೇ ಹೂವು ಬರುತ್ತದೆ. ಆಪಾ ಕಂಪ್ಯೂಟರಿನಲ್ಲಿ ಡಿಸೈನ್ ಬರೆಯುತ್ತಿದ್ದರು. ಅದಕ್ಕೆ ಕಟ್ಟಿದ ಯಂತ್ರ ದಡದಡ ಅಂತ ರಟ್ಟಿಗೆ ತೂತು ಹೊಡೆಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಆ ಕುರ್ಚಿಯಲ್ಲಿ ಕೂತವರು ಆಪಾ. ನಿಜ ಹೇಳಬೇಕೆಂದರೆ ಅದಕ್ಕೂ ಮೊದಲೇ ಬರೆಯುತ್ತಿದ್ದವರು ಅವರೇ. ಗಂಡ ಹೊರಗೆ ಕೂತು ವ್ಯವಹಾರ ಮಾತಾಡುತ್ತಿದ್ದರು ಅಷ್ಟೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ಗಂಡನ ಹೆಸರು. ನಮ್ಮ ಬೀದಿಯವರ ಬಾಯಲ್ಲಿ "ಸಾಹೇಬ್ರ ಡಿಸೈನು". ಸಾಹೇಬರು ಹೋಗಿ ಎಷ್ಟು ಕಾಲವಾದರೂ ಹೊಸ ಸೀರೆ ಬಂದಾಗಲೂ ಅದು ಸಾಹೇಬರ ಡಿಸೈನೇ! ಆಪಾ ತಿದ್ದುತ್ತಿರಲಿಲ್ಲ. ನಗುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಯಾವ ಡಿಸೈನಿಗೇ ಆಗಲಿ, ಎರಡು ಸೆಟ್ ಕಾರ್ಡ್ ಹೊಡೆದೇ ಕೊಡುತ್ತಿದ್ದರು. ಒಂದು ಮಗ್ಗಕ್ಕೆ, ಇನ್ನೊಂದು ಅಟ್ಟಕ್ಕೆ. ರಟ್ಟು ಸವೆಯುತ್ತದೆ, ಮಳೆಗಾಲದಲ್ಲಿ ಊದಿಕೊಳ್ಳುತ್ತದೆ, ಇಲಿ ತಿನ್ನುತ್ತದೆ. ನಾನೊಮ್ಮೆ ಅವಸರದಲ್ಲಿ ಒಂದೇ ಸೆಟ್ ಸಾಕು ಅಂದಿದ್ದಕ್ಕೆ, "ಒಂದೇ ಚಪ್ಪಲಿ ಹಾಕ್ಕೊಂಡು ಘಾಟಿ ಜಾತ್ರೆಗೆ ನಡ್ಕೊಂಡು ಹೋಗ್ತೀಯಾ ಭಾಯ್? ಹೋಗು ಮತ್ತೆ," ಅಂತ ಬೀದಿಯ ಮಧ್ಯೆ ಬೈದಿದ್ದರು. ಜೋಡಿ ಸೆಟ್ ಅನ್ನುವುದು ನಮ್ಮ ಬೀದಿಯಲ್ಲಿ ದೇವರ ಮುಂದೆ ದೀಪ ಹಚ್ಚಿದಷ್ಟೇ ಸಹಜವಾಗಿತ್ತು.

ಬೀದಿಯ ಕೊನೆಯಲ್ಲಿ ಒಂದು ಹುಣಸೆ ಮರ ಇತ್ತು. ಅದರ ನೆರಳಲ್ಲೇ ನಾವೆಲ್ಲ ಹಾಸಿನ ನೂಲು ಹರಡುತ್ತಿದ್ದದ್ದು. ಗಾಳಿ ಬೀಸಿದರೆ ಸಣ್ಣ ಸಣ್ಣ ಎಲೆ ಉದುರಿ ಒದ್ದೆ ನೂಲಿಗೆ ಅಂಟಿಕೊಳ್ಳುತ್ತಿತ್ತು. ನಾವು ಮರಕ್ಕೆ ಶಾಪ ಹಾಕುತ್ತಾ ಒಂದೊಂದೇ ಎಲೆ ಹೆಕ್ಕುತ್ತಿದ್ದರೆ ಆಪಾ ಬಂದು ಸುಮ್ಮನೆ ನೋಡುತ್ತಾ ನಿಲ್ಲುತ್ತಿದ್ದರು. ಆ ನೋಟದಿಂದ ಒಂದು ಸೆರಗು ಹುಟ್ಟಿತು. ಮೇಲೆ ಭುಜದ ಹತ್ತಿರ ಒತ್ತಾದ ಎಲೆ, ಕೆಳಗೆ ಬರುತ್ತಾ ಬರುತ್ತಾ ಚದುರಿ, ತುದಿಯಲ್ಲಿ ಒಂದೋ ಎರಡೋ ಎಲೆ ಗಾಳಿಯಲ್ಲಿ ತೇಲುತ್ತಿರುವುದು. ಒಂದು ಎಲೆಯ ಹಾಗೆ ಇನ್ನೊಂದು ಇರಲಿಲ್ಲ. ಬೇರೆಯವರ ಕೆಲಸ ಮುಗಿದ ಮೇಲೆ ಅದಕ್ಕೆ ಕೂರುತ್ತಿದ್ದರು. ವರ್ಷಗಟ್ಟಲೆ ಬರೆದರು. ಕಾರ್ಡ್ ಮಾತ್ರ ಹೊಡೆದಿರಲಿಲ್ಲ. ಇನ್ನೊಂದು ಎಲೆ ಸರಿಯಿಲ್ಲ, ಇನ್ನೊಂದು ಎಲೆ ಸರಿಯಿಲ್ಲ ಅಂತ ಮುಂದಕ್ಕೆ ಹಾಕುತ್ತಲೇ ಇದ್ದರು. ಮುಗಿದ ದಿನ ನನ್ನ ಮಗ್ಗದಲ್ಲೇ ನೇಯಬೇಕು ಅಂತ ಮಾತಾಗಿತ್ತು.

"ಯಾರಿಗೆ ಆಪಾ ಇದು?" ಅಂತ ನನ್ನ ಹೆಂಡತಿ ಕೇಳಿದ್ದಳು.

"ನಂಗೆ," ಅಂದರು. "ನನ್ನ ನಿಕಾಹ್‌ಗೆ ಚಿಕ್ಕಮ್ಮನ, ನಮ್ಮ ಖಾಲಾ ಸೀರೆ ಉಟ್ಟಿದ್ದೆ. ಮಾರ್ನೇ ದಿನ ವಾಪಸ್ ಕೊಟ್ಟೆ."

ಊರಿನ ಎಷ್ಟು ಮದುಮಕ್ಕಳಿಗೆ ಕಾರ್ಡ್ ಹೊಡೆದ ಕೈ ಅದು.

ಒಂದು ಬೇಸಿಗೆಯಲ್ಲಿ ಆ ಕಂಪ್ಯೂಟರಿನ ಡಿಸ್ಕ್ ಸದ್ದು ಮಾಡಲು ಶುರುಮಾಡಿತು. ಟಕ್... ಟಕ್... ಟಕ್. ಇಷ್ಟೊಂದು ಮಗ್ಗಗಳ ಮಧ್ಯೆ ಬೇರೆ ಯಾರಿಗೂ ಕೇಳಿಸುತ್ತಿರಲಿಲ್ಲವೇನೋ. ಆಪಾಗೆ ಕೇಳಿಸಿತು. ಆ ಯಂತ್ರದಲ್ಲಿ ಎರಡು ಡಿಸ್ಕ್ ಇದ್ದವು: ಒಂದು ಯಂತ್ರ ನಡೆಸುವುದಕ್ಕೆ, ಇನ್ನೊಂದರಲ್ಲಿ ಡಿಸೈನ್‌ಗಳು. ಸದ್ದು ಬಂದದ್ದು ಡಿಸೈನ್‌ಗಳ ಡಿಸ್ಕಿನಿಂದ. ನೇಯ್ದ ಸೀರೆಗಳ ಚಿಂತೆ ಅಷ್ಟಿರಲಿಲ್ಲ, ಅವುಗಳ ಕಾರ್ಡ್ ಎಲ್ಲರ ಅಟ್ಟದಲ್ಲೂ ಇತ್ತು. ಹುಣಸೆ ಎಲೆ ಮಾತ್ರ ಆ ಡಿಸ್ಕ್ ಬಿಟ್ಟರೆ ಈ ಭೂಮಿಯ ಮೇಲೆ ಬೇರೆಲ್ಲೂ ಇರಲಿಲ್ಲ.

ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿಯವನೊಬ್ಬ ಇದ್ದ. ಮಾತು ಜಾಸ್ತಿ, ಕೆಲಸವೂ ಪರವಾಗಿಲ್ಲ. ಅವನನ್ನು ಕರೆದುಕೊಂಡು ಬಂದೆ. ಕಿವಿಗೊಟ್ಟು ಕೇಳಿದವನೇ ಮುಖ ಸಣ್ಣ ಮಾಡಿದ.

"ಇದು ಹೋಗೋ ಸದ್ದು ಆಪಾ. ಒಂದ್ಸಲ ಆಫ್ ಮಾಡಿದ್ರೆ ಮತ್ತೆ ಏಳುತ್ತೋ ಇಲ್ವೋ ಹೇಳಕ್ಕಾಗಲ್ಲ. ಆಫ್ ಮಾಡ್ದೆ ಹೊಸ ಡಿಸ್ಕ್ ಹಾಕೋಕೂ ಆಗಲ್ಲ."

ಪೆನ್‌ಡ್ರೈವ್ ಚುಚ್ಚುವ ತೂತೇ ಇಲ್ಲದ ಕಾಲದ ಯಂತ್ರ ಅದು. ಹೊಸ ಕಂಪ್ಯೂಟರ್ ತರೋಣವೆಂದರೆ ಕಾರ್ಡ್ ಹೊಡೆಯುವ ಯಂತ್ರದ ತಂತಿ ಅದಕ್ಕೆ ಕೂರುವುದಿಲ್ಲ. ಡಿಸ್ಕ್ ಬಿಚ್ಚಿ ತನ್ನ ಅಂಗಡಿಗೆ ಒಯ್ಯುತ್ತೇನೆ ಅಂದ. ಆಪಾ ಒಪ್ಪಲಿಲ್ಲ. ನಮ್ಮ ರಸ್ತೆಯ ಗುಂಡಿಗಳನ್ನು ನೆನೆಸಿಕೊಂಡು ನಾನೂ ಒಪ್ಪಲಿಲ್ಲ. ಉಳಿದದ್ದು ಒಂದೇ ದಾರಿ, ಹೊಸ ಡಿಸ್ಕ್ ತಂದು ಅದೇ ಯಂತ್ರಕ್ಕೆ ಹಾಕಿ ನಕಲು ಮಾಡುವುದು.

ಬೆಂಗಳೂರಿನ ಪೇಟೆಯಲ್ಲಿ ಅಂಗಡಿ ಅಂಗಡಿ ತಿರುಗಿದೆ. ಆ ಯಂತ್ರಕ್ಕೆ ಹೊಂದುವ ಚಿಕ್ಕ ಡಿಸ್ಕ್ ಎಲ್ಲೂ ಇಲ್ಲ. ಚಿಕ್ಕದು ಈಗ ಬರಲ್ಲ ಸಾರ್, ಇರೋದರಲ್ಲಿ ಇದೇ ಚಿಕ್ಕದು ಅಂತ ಒಬ್ಬ ಕೊಟ್ಟದ್ದು ಹಳೆಯದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ದೊಡ್ಡದಾದರೆ ಒಳ್ಳೆಯದೇ ಅಲ್ಲವೇ ಅಂದುಕೊಂಡು ತಂದೆ.

ಆಪಾ ಬಿಸ್ಮಿಲ್ಲಾ ಅಂದು ಯಂತ್ರ ಆಫ್ ಮಾಡಿದರು. ಟಕ್ ಟಕ್ ನಿಂತಿತು. ರಿಪೇರಿಯವನು ಹೊಸದನ್ನು ಸಿಕ್ಕಿಸಿದ. ಸ್ವಿಚ್ ಒತ್ತಿದ. ಹಳೇ ಡಿಸ್ಕ್ ಕೆಮ್ಮಿ, ಗೊಣಗಿ, ತಿರುಗಿತು. ಉಸಿರು ಬಿಟ್ಟೆವು. ಆದರೆ ಪರದೆಯ ಮೇಲೆ ಹೊಸ ಡಿಸ್ಕ್ ಇರಲೇ ಇಲ್ಲ. ಅದು ತಿರುಗುತ್ತಿದೆ, ಕೈ ಇಟ್ಟರೆ ಬೆಚ್ಚಗಿದೆ. ಕಂಪ್ಯೂಟರಿಗೆ ಮಾತ್ರ ಅದರ ಗುರುತೇ ಹತ್ತುತ್ತಿಲ್ಲ.

ರಿಪೇರಿಯವನು ತಲೆ ಕೆರೆದುಕೊಂಡ. "ನೋಡು ಗುರು, ಈ ಡಿಸ್ಕ್ ಒಂದು ಊರು ಅಂತ ಇಟ್ಕೋ. ಒಳಗೆ ಮನೆಗಳಿರ್ತವೆ, ಪ್ರತಿ ಮನೆಗೂ ಒಂದು ನಂಬರು. ಹಳೇ ಕಂಪ್ಯೂಟರ್‌ಗೆ ನಂಬರ್ ಬರಿಯೋಕೆ ಇಷ್ಟೇ ಅಂಕಿ ಅಂತ ಜಾಗ ಕೊಟ್ಟಿರ್ತಾರೆ. ಮಾಡ್ದೋರಿಗೆ ಮುಂದೆ ಇಷ್ಟು ದೊಡ್ಡ ಊರು ಬರುತ್ತೆ ಅಂತ ಏನ್ ಗೊತ್ತು? ಅಂಕಿ ಮುಗಿದ್ಮೇಲೆ ಇರೋ ಮನೆಗಳನ್ನ ಅದು ಕರೆಯೋದಾದ್ರೂ ಹೆಂಗೆ?"

ಆಮೇಲೆ ಬ್ಯಾಗಿನಿಂದ ಕರಿ ತುಣುಕೊಂದನ್ನು ತೆಗೆದು ತೋರಿಸಿದ. ಅದೇ ಈ ಜಂಪರ್. ಡಿಸ್ಕಿನ ಹಿಂದೆ ಸಿಕ್ಕಿಸಿದರೆ ಸಾಕು, ಕೇಳಿದವರಿಗೆ ಡಿಸ್ಕ್ ತಾನು ಚಿಕ್ಕದು ಅಂತ ಹೇಳಿಕೊಳ್ಳುತ್ತದಂತೆ. ಕಂಪ್ಯೂಟರ್ ನಂಬುತ್ತದೆ. ಮಿಕ್ಕಿದ್ದು ಇದ್ದೂ ಇಲ್ಲದ ಹಾಗೆ.

ಆಪಾ ಆ ತುಣುಕನ್ನು ಬೆರಳ ತುದಿಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. "ಇಷ್ಟು ದೊಡ್ಡದು ತಂದು, ನಾನು ಚಿಕ್ಕೋಳು ಅಂತ ಹೇಳಿಸ್ಬೇಕಾ ಅದರ ಬಾಯಲ್ಲಿ? ಯಾರಿಗೆ ಹೆದರ್ಕೊಂಡು? ನಕ್ಕೋ ಭಾಯ್, ಬೇಡ. ಬೇರೆ ದಾರಿ ನೋಡು," ಅಂದರು.

ದನಿ ಎತ್ತಲಿಲ್ಲ. ಆದರೆ ಅವರು ಹಾಗೆ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನನ್ನ ಕಣ್ಣು ತನ್ನಷ್ಟಕ್ಕೆ ಬಾಗಿಲ ಮೇಲಿನ ಬೋರ್ಡಿನ ಕಡೆ ಹೋಯಿತು.

ಬೇರೆ ದಾರಿ ಇತ್ತು. ಡಿಸ್ಕನ್ನು ತನ್ನ ಅಂಗಡಿಯ ಹೊಸ ಕಂಪ್ಯೂಟರಿನಲ್ಲಿ ಎರಡು ಖಾನೆ ಮಾಡಿಕೊಂಡು ಬಂದ. "ಮೊದಲ್ನೇ ಖಾನೆ ಕಾಣುತ್ತೆ. ಎರಡ್ನೇದಕ್ಕೆ ನಾನು ಗ್ಯಾರಂಟಿ ಕೊಡಲ್ಲ," ಅಂದ. ಜಂಪರನ್ನು ನನ್ನ ಕೈಗೆ ಕೊಟ್ಟು, ಬೇಕಾದರೆ ಇರಲಿ ಅಂದ. ಅಂಗಿಯ ಜೇಬಿಗೆ ಹಾಕಿಕೊಂಡೆ. ಮತ್ತೆ ಆಫ್, ಮತ್ತೆ ಉಸಿರು ಹಿಡಿದು ನಿಲ್ಲುವುದು. ಈ ಸಲ ಹಳೇ ಡಿಸ್ಕ್ ಏಳಲು ಬಹಳ ಸತಾಯಿಸಿತು. ಎದ್ದಿತು. ಮೊದಲನೇ ಖಾನೆ ಪರದೆಯ ಮೇಲೆ ಕಂಡಿತು. ರಿಪೇರಿಯವನು ನಕಲು ಹಚ್ಚಿ, ಇನ್ನೊಂದು ಕಡೆ ಕೆಲಸ ಇದೆ ಅಂತ ಹೊರಟುಹೋದ.

ಪರದೆಯ ಮೇಲೆ ಒಂದು ನೀಲಿ ಪಟ್ಟಿ ತೆವಳತೊಡಗಿತು. ಮಧ್ಯಾಹ್ನ ಕರೆಂಟ್ ಹೋಗುವ ಹೊತ್ತು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು, ಅಷ್ಟರೊಳಗೆ ಮುಗಿಯಬೇಕು. ಆಪಾ ಅವರ ಯುಪಿಎಸ್ಸಿನ ಬ್ಯಾಟರಿ ಸತ್ತು ಯಾವುದೋ ಕಾಲವಾಗಿತ್ತು. ಪಟ್ಟಿ ನಡೆಯುತ್ತಿತ್ತು, ನಿಲ್ಲುತ್ತಿತ್ತು. ನಿಂತಾಗಲೆಲ್ಲ ಟಕ್ ಟಕ್ ಜೋರಾಗುತ್ತಿತ್ತು. ಎದುರು ಮನೆಯವರು ಮಗ್ಗ ಚಾಲೂ ಮಾಡಿದರೆ ನಮ್ಮ ಬೀದಿಯಲ್ಲಿ ಬಲ್ಬು ಮಂಕಾಗುವುದು ಮಾಮೂಲು. ಅವತ್ತು ಹಾಗೆ ಬಲ್ಬು ಮಂಕಾದಾಗ ಪರದೆಯೂ ನಡುಗಿತು. ಆಪಾ ನನ್ನ ಮುಖ ನೋಡಿದರು.

ಹೊರಗೆ ಓಡಿದೆ. ಎದುರು ಮನೆಯ ಬಾಗಿಲು ಬಡಿದು, "ಮಗ್ಗ ನಿಲ್ಸಿ, ಆಪಾ ಡಿಸ್ಕ್ ಹೋಗ್ತಿದೆ," ಅಂದೆ. ಅವರಿಗೆ ಡಿಸ್ಕ್ ಅಂದರೇನು ಅಂತ ಗೊತ್ತಿತ್ತೋ ಇಲ್ಲವೋ, ಆಪಾ ಅಂದದ್ದು ಸಾಕಾಯಿತು. ಮಗ್ಗ ನಿಂತಿತು. ಪಕ್ಕದವರು ಯಾಕೆ ಅಂತ ಕೇಳಿ ಅವರೂ ನಿಲ್ಲಿಸಿದರು. ಹಾಗೇ ಒಂದರ ಹಿಂದೆ ಒಂದು ಇಡೀ ಬೀದಿಯ ಮಗ್ಗಗಳು ನಿಂತವು. ಹಾಡಹಗಲಲ್ಲಿ ನಮ್ಮ ಬೀದಿ ಅಷ್ಟು ನಿಶ್ಶಬ್ದವಾದದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಜನ ಬಾಗಿಲುಗಳಲ್ಲಿ ನಿಂತರು. ಆ ನಿಶ್ಶಬ್ದದಲ್ಲಿ ಆಪಾ ಮನೆಯ ಟಕ್ ಟಕ್ ಬೀದಿಗೆಲ್ಲ ಕೇಳಿಸುತ್ತಿತ್ತು.

ನೀಲಿ ಪಟ್ಟಿ ತುದಿ ಮುಟ್ಟಿತು. ಆಪಾ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು.

ಕರೆಂಟ್ ಬಂದಾಗ ಹಳೇ ಡಿಸ್ಕ್ ಏಳಲಿಲ್ಲ. ಎಷ್ಟು ಸಲ ಹಾಕಿದರೂ ಒಂದು ಕ್ಷೀಣವಾದ ಕರಕರ, ಆಮೇಲೆ ಮೌನ. ಆಪಾ ಹೊಸ ಡಿಸ್ಕಿನ ಮೊದಲನೇ ಖಾನೆ ತೆರೆದರು. ಎಲ್ಲ ಇತ್ತು. ಹುಣಸೆ ಎಲೆ ತೆರೆದರು. ಭುಜದಿಂದ ತುದಿಯವರೆಗೆ ಒಂದೂ ಎಲೆ ಕಡಿಮೆಯಾಗಿರಲಿಲ್ಲ. ತುದಿಯಲ್ಲಿ ತೇಲುವ ಆ ಕೊನೆಯ ಎಲೆ... ಆಗಲೇ ಇನ್ನೊಂದು ನಿಮಿಷ ಕಣ್ತುಂಬ ನೋಡಿಕೊಂಡಿದ್ದರೆ ಆಗುತ್ತಿತ್ತು. ಬೀದಿಯಲ್ಲಿ ಮಗ್ಗಗಳು ಮತ್ತೆ ಶುರುವಾದವು. ನನ್ನ ಹೆಂಡತಿ ಟೀ ತಂದಳು. ಹಳೆಯದು ತನ್ನ ಕೆಲಸ ಮುಗಿಸಿಯೇ ಸತ್ತಿತು ಅಂತ ಆಪಾ ನಕ್ಕರು.

ಟೀ ಲೋಟ ಕೆಳಗಿಟ್ಟು ಅವರು ಪರದೆಯ ಕಡೆ ತಿರುಗಿದರು. "ಒಂದೇ ಸೆಟ್ ಆಯ್ತಲ್ಲ ಭಾಯ್," ಅಂದರು. "ಎರಡ್ನೇ ಖಾನೆ ಖಾಲಿ ಇದೆಯಲ್ಲ. ಜೋಡಿ ಸೆಟ್ ಅಲ್ಲಿ ಇಟ್ಬಿಡೋಣ."

ಇದರಲ್ಲಿ ತಪ್ಪು ಹುಡುಕುವವರು ನಮ್ಮ ಬೀದಿಯಲ್ಲಿ ಯಾರಿದ್ದರು? ಒಂದು ಮಗ್ಗಕ್ಕೆ, ಒಂದು ಅಟ್ಟಕ್ಕೆ. ಆಪಾ ಎರಡನೇ ಖಾನೆಯನ್ನು ಒತ್ತಿದರು. ಈ ಖಾನೆಯನ್ನು ಸಿದ್ಧ ಮಾಡಿಲ್ಲ, ಫಾರ್ಮ್ಯಾಟ್ ಮಾಡಲೇ ಅಂತ ಕಂಪ್ಯೂಟರ್ ಕೇಳಿತು.

"ರಿಪೇರಿಯವನನ್ನ ಒಂದ್ಮಾತು ಕೇಳೋಣ್ವಾ?" ಅಂದೆ.

"ಅರೆ, ಖಾಲಿ ಇದೆ ಅಂತ ಅದೇ ಹೇಳ್ತಿದೆ. ಹೊಸ ಮಡಕೆ ತೊಳೀದೆ ಇಡ್ತಾರಾ?" ಅಂದು ಹೂಂ ಒತ್ತಿದರು.

ನಕಲು ಶುರುವಾಯಿತು. ಈ ಸಲ ಪಟ್ಟಿ ಸರಾಗವಾಗಿ ಓಡುತ್ತಿತ್ತು, ಟಕ್ ಟಕ್ ಇರಲಿಲ್ಲ. ಅರ್ಧ ದಾಟಿರಬೇಕು, ಗಕ್ಕನೆ ನಿಂತಿತು. ಆಪಾ ಕಾದರು. ಮೊದಲನೇ ಖಾನೆ ತೆರೆದರು. ಡಿಸೈನ್‌ಗಳ ಹೆಸರಿದ್ದ ಜಾಗದಲ್ಲಿ ಚೌಕ, ಗೆರೆ, ಪ್ರಶ್ನೆ ಚಿಹ್ನೆ. ಕೆಲವು ಹೆಸರು ಸರಿಯಾಗಿದ್ದವು, ಕೆಲವು ಇರಲೇ ಇಲ್ಲ. ಹುಣಸೆ ಎಲೆಯ ಹೆಸರು ಸಿಕ್ಕಿತು. ಒತ್ತಿದರು.

ಮೇಲಿನ ಅರ್ಧ ಹಾಗೇ ಇತ್ತು. ಒತ್ತಾದ ಎಲೆಗಳು, ಆಮೇಲೆ ಚದುರುತ್ತಾ ಬರುವ ಎಲೆಗಳು... ಅಲ್ಲಿ ಕತ್ತರಿಸಿದ ಹಾಗೆ ಒಂದು ನೇರ ಗೆರೆ. ಗೆರೆಯ ಕೆಳಗೆ ಎಲೆಯೇ ಇಲ್ಲ. ಏನೇನೋ ಚೂರುಗಳು ಅಡ್ಡಡ್ಡವಾಗಿ ಹರಡಿಕೊಂಡಿದ್ದವು.

ಆಪಾ ಮುಖವನ್ನು ಪರದೆಯ ಹತ್ತಿರ ಒಯ್ದರು. "ಭಾಯ್, ಇದು ನಿಮ್ಮ ಹಂಸದ ಕುತ್ತಿಗೆ ಅಲ್ವಾ?"

ಹೌದು, ನನ್ನ ಮಗ್ಗದ ಅಂಚಿನ ಹಂಸವೇ. ಪಕ್ಕದಲ್ಲಿ ಎದುರು ಮನೆಯವರ ಮಾವಿನಕಾಯಿಯ ಬಾಲ. ಬೀದಿಯ ಸೀರೆಗಳೆಲ್ಲ ಚಿಂದಿಯಾಗಿ ಆಪಾ ಅವರ ಸೆರಗಿನ ಮೇಲೆ ಬಿದ್ದಿದ್ದವು. ನಾನು ಗೋಡೆಯ ಸ್ವಿಚ್ಚಿಗೆ ಕೈ ಹಾಕಿ ಆರಿಸಿಬಿಟ್ಟೆ. ಆರಿಸಿ ಉಳಿಸುವಂಥದ್ದು ಏನೂ ಇರಲಿಲ್ಲ. ನನಗೆ ಅದನ್ನು ನೋಡಲಾಗಲಿಲ್ಲ.

ಸಂಜೆ ರಿಪೇರಿಯವನು ಬಂದ. ಅವನು ಹೇಳಿದ ಪ್ರಕಾರ ಆದದ್ದು ಇಷ್ಟೇ. ಎರಡನೇ ಖಾನೆಯ ಮನೆಗಳ ನಂಬರ್ ದೊಡ್ಡದು. ಹಳೇ ಕಂಪ್ಯೂಟರಿಗೆ ಅಷ್ಟು ಅಂಕಿ ಬರೆಯಲು ಬರುವುದಿಲ್ಲ. ಬರದಿದ್ದರೆ ಸುಮ್ಮನಿರಬೇಕು ತಾನೇ? ಸುಮ್ಮನಿರಲಿಲ್ಲ. ಬರುವಷ್ಟು ಅಂಕಿ ಬರೆದುಕೊಂಡು, ಮಿಕ್ಕಿದ್ದನ್ನು ಬಿಟ್ಟು, ಆ ನಂಬರಿನ ಮನೆಗೆ ಹೋಗಿ ತುಂಬಿತು. ಆ ಮನೆ ಇದ್ದದ್ದು ಮೊದಲನೇ ಖಾನೆಯಲ್ಲಿ.

ನನಗೆ ತಟ್ಟನೆ ಹೊಳೆದದ್ದು ಮಗ್ಗದ ಮೀಟರ್. ಎಷ್ಟು ಎಳೆ ಹೊಡೆಯಿತು ಅಂತ ಎಣಿಸುವ ಆ ಪುಟ್ಟ ಡಬ್ಬಿಯಲ್ಲಿ ಎಲ್ಲ ಒಂಬತ್ತೂ ಮುಗಿದರೆ ಸೊನ್ನೆಗೆ ಬಂದು ನಿಲ್ಲುತ್ತದೆ. ಅದನ್ನೇ ಹೇಳಿದೆ. ಆಪಾಗೆ ಅಷ್ಟು ಸಾಕಾಯಿತು.

"ಸುತ್ತು ಬಂತು," ಅಂದರು. "ನಮ್ಮ ಕಾರ್ಡ್ ಸರ ಸುತ್ತು ಬಂದ್ರೆ ಸೀರೆ ಆಗುತ್ತೆ. ಇದು ಸುತ್ತು ಬಂದ್ರೆ..." ಅಲ್ಲಿಗೆ ಬಿಟ್ಟರು. ಆಮೇಲೆ ನನ್ನ ಕಡೆ ಕೈ ಚಾಚಿದರು. ನಾನು ಜೇಬಿನಿಂದ ಜಂಪರ್ ತೆಗೆದು ಕೊಟ್ಟೆ.

"ಇದು ಹಾಕಿದ್ರೆ ಉಳೀತಿತ್ತಾ?"

ರಿಪೇರಿಯವನು ಗೋಡೆ ನೋಡಿದ. ಆಪಾ ತಾವೇ ಡಿಸ್ಕ್ ತಿರುಗಿಸಿ, ಅವನು ತೋರಿಸಿದ ಪಿನ್ನುಗಳ ಮೇಲೆ ಜಂಪರ್ ಕೂರಿಸಿದರು. ಬೆರಳಿನಿಂದ ಒತ್ತಿ ಗಟ್ಟಿ ಮಾಡಿದರು.

"ಇನ್ಮೇಲೆ ಇದೂ ನನ್ನ ಹಂಗೇ ಇರ್ಲಿ ಬಿಡು," ಅಂದರು.

ಕಂಪ್ಯೂಟರ್ ಆ ಡಿಸ್ಕನ್ನು ತಕ್ಷಣ ಗುರುತಿಸಿತು. ಚಿಕ್ಕದು ಅಂತ ಹೇಳಿಕೊಂಡು ಬಂದದ್ದನ್ನು ಎಷ್ಟು ಮರ್ಯಾದೆಯಿಂದ ಒಳಗೆ ಕರೆದುಕೊಂಡಿತು! ನನಗೆ ಆ ಪೆಟ್ಟಿಗೆಯನ್ನು ಎತ್ತಿ ಬೀದಿಗೆ ಎಸೆಯುವಷ್ಟು ಸಿಟ್ಟು ಬಂದಿತ್ತು. ಸತ್ತ ಹಳೇ ಡಿಸ್ಕನ್ನು ಬೆಂಗಳೂರಿಗೆ ಒಯ್ದು ತೋರಿಸಿದೆ. ಒಳಗಿನ ತಟ್ಟೆ ಗೀರಿಹೋಗಿದೆ, ಏನೂ ಬರುವುದಿಲ್ಲ ಅಂದರು.

ಮಿಕ್ಕ ಡಿಸೈನ್‌ಗಳು ಹೇಗೆ ವಾಪಸ್ ಬಂದವು ಎಂಬುದನ್ನು ಹೇಳಲೇಬೇಕು. ಬೀದಿಯವರು ಅಟ್ಟ ಹತ್ತಿ ಎರಡನೇ ಸೆಟ್‌ಗಳನ್ನು ಇಳಿಸಿದರು. ತಲೆಯ ಮೇಲೆ ರಟ್ಟಿನ ಕಂತೆ ಹೊತ್ತುಕೊಂಡು ಒಬ್ಬೊಬ್ಬರಾಗಿ ಬಂದರು. ಆಪಾ ಪ್ರತಿ ಕಾರ್ಡನ್ನೂ ಕಿಟಕಿಯ ಬೆಳಕಿಗೆ ಹಿಡಿದು, ತೂತು ನೋಡಿ ಮತ್ತೆ ಪರದೆಗೆ ಏರಿಸಿದರು. ಮುಂದಿನ ಮಳೆಗಾಲ ಮುಗಿಯುವವರೆಗೂ ಅದೇ ಕೆಲಸ. ಆ ಕಂತೆಗಳ ರಾಶಿ ನೋಡಿದ ಮೇಲೆ ಬೀದಿಯವರ ಬಾಯಲ್ಲಿ ಸಾಹೇಬರು ಮೆಲ್ಲಗೆ ಮರೆಯಾದರು. "ಇದು ಆಪಾ ಡಿಸೈನು, ಹುಷಾರಾಗಿ ಹಿಡ್ಕೊಳ್ಳೋ," ಅಂತ ಎದುರು ಮನೆಯ ಯಜಮಾನರು ಕೂಲಿಯವನಿಗೆ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ಆಪಾಗೂ ಕೇಳಿಸಿತ್ತು. ಅವರು ತಲೆ ಎತ್ತಲಿಲ್ಲ.

ಹುಣಸೆ ಎಲೆಯನ್ನು ಮತ್ತೆ ಬರೆಯಲು ಕೂತರು. ಬರೆದರು, ಅಳಿಸಿದರು. "ಕೈ ಅದೇ ಇದೆ ಭಾಯ್, ಎಲೆ ಬೇರೆ ಬೀಳ್ತಿದೆ," ಅಂದರು. ಕೊನೆಗೊಂದು ದಿನ ಉಳಿದ ಅರ್ಧಕ್ಕಷ್ಟೇ ಕಾರ್ಡ್ ಹೊಡೆದು ನನ್ನ ಮನೆಗೆ ತಂದರು. ಜೋಡಿ ಸೆಟ್ ತಂದಿರಲಿಲ್ಲ. ನಾನು ಕೇಳಲಿಲ್ಲ. ನನ್ನ ಮಗ್ಗದಲ್ಲಿ ಆ ಸೀರೆ ಒಂದೇ ಒಂದು ನೇಯ್ದೆ. ಭುಜದಿಂದ ಎಲೆಗಳು ಉದುರುತ್ತಾ ಬಂದು ಒಂದು ಗೆರೆಯ ಹತ್ತಿರ ನಿಲ್ಲುತ್ತವೆ. ಅಲ್ಲಿಂದ ಕೆಳಗೆ ಬರೀ ಹಸಿರು ರೇಷ್ಮೆ.

ರಂಜಾನ್ ಹಬ್ಬದ ಬೆಳಿಗ್ಗೆ ಆ ಸೀರೆ ಉಟ್ಟು, ಸೆರಗು ತಲೆಯ ಮೇಲೆ ಹೊದ್ದು, ಶೀರ್ ಖುರ್ಮಾ ಪಾಯಸದ ಪಾತ್ರೆ ಹಿಡಿದು ಬಂದರು. ನನ್ನ ಹೆಂಡತಿ ಸೆರಗು ಹಿಡಿದು ನೋಡಿ, "ಕೆಳಗೆ ಯಾಕೆ ಆಪಾ ಖಾಲಿ ಬಿಟ್ರಿ?" ಅಂದಳು. ಅವಳಿಗೆ ಗೊತ್ತಿತ್ತು. ಆದರೂ ಬಾಯಿಗೆ ಬಂತು.

"ಆ ಮಿಷನ್ನಿಗೆ ಅಲ್ಲಿವರ್ಗೇ ಎಣಿಸೋಕೆ ಬರೋದು," ಅಂದರು ಆಪಾ. ನಕ್ಕರು. ಅವತ್ತು ಅವರು ತುಂಬ ಚೆನ್ನಾಗಿ ಕಾಣುತ್ತಿದ್ದರು.

ಅದಾದ ಮೇಲೆ ಎಷ್ಟೋ ಹಬ್ಬಗಳು ಬಂದವು. ಬೀದಿಗೆ ರಟ್ಟು ಬೇಡದ ಎಲೆಕ್ಟ್ರಾನಿಕ್ ಜಕಾರ್ಡ್ ಯಂತ್ರ ಬಂತು, ಕಾರ್ಡ್ ಕೇಳುವ ಮನೆಗಳು ಕಡಿಮೆಯಾದವು. ಹುಣಸೆ ಮರ ರಸ್ತೆ ಅಗಲ ಮಾಡುವಾಗ ಹೋಯಿತು. ಆಪಾ ಹೋದದ್ದು ಕಳೆದ ಚಳಿಗಾಲದಲ್ಲಿ, ಹೆಚ್ಚು ದಿನ ಮಲಗಲಿಲ್ಲ. ಸೀರೆಯನ್ನು ಅವರ ತಂಗಿ ತೆಗೆದುಕೊಂಡು ಹೋದರು. ಮನೆ ಬಾಡಿಗೆಗೆ ಕೊಡಬೇಕು, ಈ ಯಂತ್ರಗಳನ್ನು ನೀವೇ ಸಾಗಿಸಿಬಿಡಿ ಅಂತ ನನಗೆ ಹೇಳಿದರು. ಹಾಗಾಗಿ ಗುಜರಿಯವನು.

ಡಿಸ್ಕ್ ಹಿಡಿದುಕೊಂಡು ಬಸ್ ನಿಲ್ದಾಣದ ಹತ್ತಿರ ಹೋದೆ. ರಿಪೇರಿಯವನ ಅಂಗಡಿ ಈಗ ಮೊಬೈಲ್ ಅಂಗಡಿ, ನಡೆಸುವವಳು ಒಬ್ಬ ಹೆಂಗಸು. ಯಾವುದೋ ತಂತಿ ಹುಡುಕಿ ತೆಗೆದು ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿದಳು. ಜಂಪರ್ ನನ್ನ ಜೇಬಿನಲ್ಲಿತ್ತು. ಡಿಸ್ಕ್ ತಿರುಗಿತು. ಪರದೆಯ ಮೇಲೆ ಉದ್ದನೆಯ ಒಂದು ಪಟ್ಟಿ ಮೂಡಿತು. ಎಡ ತುದಿಯಲ್ಲಿ ಬೆರಳಗಲದಷ್ಟು ನೀಲಿ, ಅಲ್ಲಿಂದ ಕೊನೆಯವರೆಗೆ ಖಾಲಿ.

"ಎಷ್ಟೊಂದು ದೊಡ್ಡದಿದೆ ಸಾರ್," ಅಂದಳು ಅಂಗಡಿಯಾಕೆ. "ಇಷ್ಟೇ ಇಷ್ಟು ಬಳಸಿದೀರ. ಮಿಕ್ಕಿದ್ದೆಲ್ಲ ಯಾಕೆ ಹಂಗೇ ಬಿಟ್ರಿ?"

ನಾನು ಆ ಖಾಲಿಯನ್ನೇ ನೋಡುತ್ತಾ ಕೂತೆ. ಅಷ್ಟೂ ವರ್ಷ ಅದು ಅಲ್ಲೇ ಇತ್ತು. "ನೋಡಿ ಆಪಾ, ಪೂರ್ತಿ ಕಾಣ್ತಿದೆ," ಅಂತ ಬಾಯಿಬಿಟ್ಟು ಹೇಳಿಬಿಟ್ಟೆ.

ಯಾರಿಗೆ ಹೇಳಿದೆ ಅಂತ ಅಂಗಡಿಯಾಕೆ ತಲೆ ಎತ್ತಿ ನೋಡಿದಳು. ಕರವಸ್ತ್ರ ಹುಡುಕುತ್ತಾ ಜೇಬಿಗೆ ಕೈ ಹಾಕಿದೆ. ಬೆರಳಿಗೆ ಸಿಕ್ಕಿದ್ದು ಜಂಪರ್.